ಮಣ್ಣುಮುಕ್ಕನ ಸ್ಟೀರಿಂಗು

ಮರ್ಲ್ ಕ್ರೆಬ್ಸ್‌ಗೆ ಇದ್ದದ್ದು ಒಂದೇ ಕಾಯಿಲೆ. ಸರಿಯಾಗಿರುವುದನ್ನು ಇನ್ನೂ ಸರಿ ಮಾಡುವುದು. ಮನೆಯ ಕರೆಗಂಟೆಯನ್ನು ಸುಧಾರಿಸಿದ, ಅಂದಿನಿಂದ ಯಾರು ಗುಂಡಿ ಒತ್ತಿದರೂ ಗ್ಯಾರೇಜಿನ ಬಾಗಿಲು ತೆರೆದುಕೊಳ್ಳುತ್ತಿತ್ತು. ಹುಲ್ಲು ಕತ್ತರಿಸುವ ಯಂತ್ರವನ್ನು ಸುಧಾರಿಸಿದ, ಅದು ಪಕ್ಕದ ಮನೆಯ ಟುಲಿಪ್ ಹೂಗಳನ್ನೂ ಸೇರಿಸಿ ಕತ್ತರಿಸಿತು. ಹೊಟ್ಟೆಪಾಡಿಗೆ ಅವನು ಜೋಳದ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದ. ನಮ್ಮ ವಾಲ್ನಟ್ ಫೋರ್ಕ್ ಊರಿನ ರೈತರು ತೂಕದ ವಿಷಯದಲ್ಲಿ ಅವನನ್ನು ಕಣ್ಣು ಮುಚ್ಚಿ ನಂಬುತ್ತಿದ್ದರು. ಬೇರೆ ಯಾವ ವಿಷಯದಲ್ಲೂ ಕಣ್ಣು ಮುಚ್ಚುವ ಧೈರ್ಯ ಮಾಡುತ್ತಿರಲಿಲ್ಲ.

ನಾನು ಕ್ಲೀಟ್. ಊರಿನ ಮುಖ್ಯ ರಸ್ತೆಯಲ್ಲಿ ಕ್ಷೌರದ ಅಂಗಡಿ ಇಟ್ಟವನು. ಊರಿನ ಗುಟ್ಟುಗಳೆಲ್ಲ ನನ್ನ ಕುರ್ಚಿಯ ಮೇಲೆ ಕೂದಲಿನ ಜೊತೆ ಉದುರುತ್ತವೆ, ಹಾಗಾಗಿ ಈ ಕಥೆ ಹೇಳುವ ಅಧಿಕಾರ ನನಗಿದೆ. ಇನ್ನೊಂದು ಅಧಿಕಾರವೂ ಇದೆ. ನಮ್ಮೂರ ರಿಮೋಟ್ ಆಟಿಕೆ ಟ್ರಕ್ ಕ್ಲಬ್ಬಿನ ಕ್ಲಿಪ್ಪು ಹಲಗೆಗೆ ನಾನೇ ಒಡೆಯ. ಚುನಾವಣೆಯಲ್ಲಿ ಗೆದ್ದದ್ದಲ್ಲ, ಬೇರೆ ಯಾರಿಗೂ ಬೇಡವಾಗಿತ್ತು.

ಹಲಗೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ರಿಮೋಟುಗಳಿಗೆ ಬಣ್ಣಗಳಿದ್ದವು. ಕಂದು, ಕೆಂಪು, ಹಳದಿ, ಹಸಿರು ಹೀಗೆ, ಒಂದೊಂದು ಬಣ್ಣಕ್ಕೆ ಒಂದೊಂದು ರೇಡಿಯೋ ತರಂಗ, ಆಂಟೆನಾ ಕಡ್ಡಿಯ ತುದಿಗೆ ಆ ಬಣ್ಣದ ಬಟ್ಟೆ ಚೂರು. ಒಂದೇ ಬಣ್ಣದ ಎರಡು ರಿಮೋಟು ಒಟ್ಟಿಗೆ ಚಾಲೂ ಆದರೆ ಮುಗಿಯಿತು, ಎರಡು ಟ್ರಕ್ಕಿಗೂ ಹುಚ್ಚು ಹಿಡಿಯುತ್ತದೆ. ಅದಕ್ಕೇ ಹಲಗೆಯ ಮೇಲೆ ಬಣ್ಣಕ್ಕೊಂದರಂತೆ ಬಟ್ಟೆ ಕ್ಲಿಪ್ಪು. ನಿಮ್ಮ ಬಣ್ಣದ ಕ್ಲಿಪ್ಪನ್ನು ತೆಗೆದು ರಿಮೋಟಿನ ಕಡ್ಡಿಗೆ ಸಿಕ್ಕಿಸಿಕೊಳ್ಳಬೇಕು. ಕ್ಲಿಪ್ಪು ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಕು. ಯಾವುದಾದರೂ ಟ್ರಕ್ಕು ಅಡ್ಡಾದಿಡ್ಡಿ ಓಡಿದರೆ ಯಾರಾದರೂ ‘ಹಳದಿ ಯಾರು?’ ಅಂತಲೋ ‘ಕೆಂಪು ಯಾರು?’ ಅಂತಲೋ ಕೂಗುತ್ತಾರೆ. ಕೂಗಿದ ಕೂಡಲೇ ಮೈದಾನದಲ್ಲಿದ್ದವರೆಲ್ಲ ಎರಡೂ ಕೈ ಮೇಲೆತ್ತಬೇಕು, ಯಾರ ಕೈಯಲ್ಲಿ ಏನಿದೆ ಅಂತ ಕಾಣಲಿ ಎಂದು. ಹಾಗೆ ಕೂಗುವ ಕೆಲಸ ಬಹಳ ವರ್ಷ ಮರ್ಲನ ಮಗಳು ಟ್ರೆಸಾಳದ್ದಾಗಿತ್ತು. ಹಲ್ಲು ಬಿದ್ದ ವಯಸ್ಸಿನಲ್ಲೇ ಅವಳ ಗಂಟಲು ಗೋದಾಮಿನ ಸೈರನ್ನನ್ನು ನಾಚಿಸುತ್ತಿತ್ತು.

ಮರ್ಲನ ಬಣ್ಣ ಹಳದಿ. ಅವನ ಟ್ರಕ್ಕಿನ ಹೆಸರು ಮಣ್ಣುಮುಕ್ಕ. ಗಾತ್ರದಲ್ಲಿ ಮಲಗಿದ ನಾಯಿಯಷ್ಟು, ಚಕ್ರಗಳು ಮಾತ್ರ ಒಂದೊಂದೂ ಹುಟ್ಟುಹಬ್ಬದ ಕೇಕಿನಷ್ಟು. ಅಪ್ಪ ಮಗಳು ಸೇರಿ ಅದನ್ನು ಎಷ್ಟು ಶನಿವಾರ ಓಡಿಸಿದ್ದಾರೋ ಲೆಕ್ಕವಿಲ್ಲ.

ಅಂಥ ಟ್ರೆಸಾಳಿಗೆ ಮದುವೆ ಗೊತ್ತಾಯಿತು. ಹುಡುಗ ಬ್ರೆಟ್, ಸಾಧು. ಅವನ ಅಪ್ಪ ವೆಂಡೆಲ್ ಓಬರ್‌ಮೇಯರ್ ಮಾತ್ರ ಊರಿಗೇ ದೊಡ್ಡ ಮನುಷ್ಯ. ವಿಮಾ ಏಜೆಂಟು, ಚರ್ಚಿನ ಸಮಿತಿಗೆ ಅಧ್ಯಕ್ಷ, ನಗುವುದನ್ನು ಯಾರೂ ಕಂಡವರಿಲ್ಲ. ಮದುವೆಯ ಪ್ರತಿ ಕೆಲಸವನ್ನೂ ಅವನೇ ಹೊತ್ತುಕೊಂಡ. ಹೂವು ಅವನದು, ವಾದ್ಯದವರು ಅವನ ಕಡೆಯವರು, ಕೇಕು ಅವನು ಹೇಳಿದ ಅಂಗಡಿಯದು. ಮಳೆ ಬಂದರೆ ಇರಲಿ ಅಂತ ಒಂದು ಡೇರೆ ಹೇಳಿದ. ಆ ಡೇರೆ ಬಿದ್ದರೆ ಇರಲಿ ಅಂತ ಇನ್ನೊಂದು ಹೇಳಿದ.

ಮರ್ಲನ ಪಾಲಿಗೆ ಏನೂ ಉಳಿಯಲಿಲ್ಲ. ಭಾಷಣ ಮಾಡಿಸೋಣವೆಂದರೆ ನಾಲ್ಕು ಜನ ನೋಡಿದರೆ ಅವನ ನಾಲಿಗೆ ಗಂಟು ಹಾಕಿಕೊಳ್ಳುತ್ತದೆ. ಪೆಚ್ಚು ಮೋರೆ ಹಾಕಿಕೊಂಡು ಮನೆಯಲ್ಲಿ ತಿರುಗಾಡುತ್ತಿದ್ದ. ಕೊನೆಗೆ ಟ್ರೆಸಾಳೇ ಒಂದು ದಿನ ಬೀಗರ ಮನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಳು:

“ಅಪ್ಪ, ನನ್ನ ಮದುವೆ ಉಂಗುರ ಮಣ್ಣುಮುಕ್ಕನ ಮೇಲೆ ಬರ್ಬೇಕು. ಚರ್ಚ್ ಬಾಗಿಲಿಂದ ಪಾದ್ರಿಗಳ ತನಕ. ನೀನೇ ಓಡಿಸ್ಬೇಕು.”

ವೆಂಡೆಲ್‌ನ ಹೆಂಡತಿ, ಬೀಗಿತ್ತಿ ಯೂನಿಸ್ ಕೈಯಲ್ಲಿದ್ದ ಕಾಫಿ ಲೋಟ ಗಾಳಿಯಲ್ಲೇ ನಿಂತಿತು. ಕೆಳಗಿಡುವ ಹಾಗಿರಲಿಲ್ಲ, ಏಕೆಂದರೆ ಎದುರಿಗಿದ್ದದ್ದು ಅವಳ ಅಜ್ಜಿಯ ಕಾಲದ ವಾಲ್ನಟ್ ಮರದ ಊಟದ ಮೇಜು. ಅದರ ಮೇಲೆ ಬಟ್ಟೆ ಹಾಸದೆ ಲೋಟ ಇಟ್ಟವರನ್ನು ಯೂನಿಸ್ ಮತ್ತೆ ಮನೆಗೆ ಕರೆಯುತ್ತಿರಲಿಲ್ಲ.

“ಟ್ರಕ್ಕಾ? ಚರ್ಚಿನ ಒಳಗಾ?” ಅಂದಳು.

“ತೊಳ್ದು ತರ್ತೀನಿ ಬೀಗಿತ್ತಿ,” ಅಂದ ಮರ್ಲ್.

ಅವನ ಮುಖ ಅರಳಿದ್ದು ನೋಡಿ ಯಾರಿಗೂ ಬೇಡ ಅನ್ನಲು ಬಾಯಿ ಬರಲಿಲ್ಲ. ವೆಂಡೆಲ್ ಮಾತ್ರ ಗಂಟಲು ಸರಿ ಮಾಡಿಕೊಂಡು, “ಸ್ಟೀರಿಂಗ್ ನೆಟ್ಟಗಿದೆಯೇನ್ರೀ ಅದ್ರದ್ದು?” ಅಂತ ಕೇಳಿದ.

ನೆಟ್ಟಗೇ ಇತ್ತು. ಹೌದು ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮರ್ಲನ ಕಾಯಿಲೆ ಕೆರಳಿತು.

“ಇದೆ. ಆದ್ರೂ ಇನ್ನೊಂದು ಸ್ವಲ್ಪ ಸುಧಾರಿಸ್ತೀನಿ,” ಅಂದುಬಿಟ್ಟ.

ಮುಂದಿನ ಶನಿವಾರ ಚರ್ಚಿನ ಹಿಂದಿನ ಮೈದಾನದಲ್ಲಿ ಮರ್ಲ್ ಎದೆಯುಬ್ಬಿಸಿಕೊಂಡು ಬಂದ. ಸ್ಟೀರಿಂಗಿನ ಒಳಗಿದ್ದ ಪ್ಲಾಸ್ಟಿಕ್ ಬುಷ್ಷುಗಳನ್ನು ತೆಗೆದು ನುಣ್ಣಗೆ ತಿರುಗುವ ಉಕ್ಕಿನ ಬೇರಿಂಗ್ ಹಾಕಿದ್ದನಂತೆ. ನನ್ನ ಹಲಗೆಯಿಂದ ಹಳದಿ ಕ್ಲಿಪ್ಪು ತೆಗೆದು ಕಡ್ಡಿಗೆ ಸಿಕ್ಕಿಸಿಕೊಂಡ.

“ಕ್ಲೀಟ್, ಇವತ್ತು ನೋಡು. ಬೆಣ್ಣೆ ಮೇಲೆ ಚಾಕು ಓಡಿದ ಹಾಗೆ ಓಡುತ್ತೆ.”

ಪಕ್ಕದಲ್ಲೇ ಚರ್ಚಿನ ಹೆಂಗಸರು ಪೈ ಅಂಗಡಿ ಹಾಕಿದ್ದರು. ಪೈ ಅಂದರೆ ಅಗಲ ತಟ್ಟೆಯಲ್ಲಿ ಹೂರಣ ತುಂಬಿ ಬೇಯಿಸಿದ ಸಿಹಿ. ಸಕ್ಕರೆ ಕೆನೆಯ ಪೈ, ಹುಳಿ ದಂಟಿನ ರೂಬಾರ್ಬ್ ಪೈ ಎಲ್ಲ ಸಾಲಾಗಿ ಇಟ್ಟಿದ್ದರು. ಮಣ್ಣುಮುಕ್ಕ ಹೊರಟಿತು. ನಿಜ ಹೇಳಬೇಕು, ಚೆನ್ನಾಗಿಯೇ ಹೊರಟಿತು. ಮಣ್ಣಿನ ದಿಬ್ಬ ಹತ್ತಿತು, ಹಾರಿತು, ಇಳಿಯಿತು. ಆಮೇಲೆ ಇದ್ದಕ್ಕಿದ್ದಂತೆ ಯಾರೋ ಕರೆದ ಹಾಗೆ ಎಡಕ್ಕೆ ತಿರುಗಿ ನೇರ ಪೈಗಳ ಕಡೆಗೆ ಹೊರಟಿತು.

“ಬಲಕ್ಕೆ! ಬಲಕ್ಕೆ ಮಾರಾಯ!” ಅಂತ ನಾನು ಕೂಗಿದೆ.

“ಬಲಕ್ಕೇ ತಿರುಗಿಸಿದ್ದೀನಿ ಕಣೋ!”

ಮೇಜಿನ ಕಾಲಿಗೆ ಗುದ್ದಿದ್ದೇ ತಡ, ಮೇಜು ಮೊಣಕಾಲೂರಿತು. ಪೈಗಳು ಜಾರಿ ಬಂದವು. ಯೂನಿಸ್ ಮಾಡಿದ ಸಕ್ಕರೆ ಕೆನೆಯ ಪೈ ಮಣ್ಣುಮುಕ್ಕನ ಬೆನ್ನ ಮೇಲೆ ಬಿತ್ತು. ಅದನ್ನು ಹೊತ್ತುಕೊಂಡು ಅದು ರಸ್ತೆ ದಾಟಿ ಊರ ಪೊಲೀಸು ಮಾರ್ಷಲ್ಲರ ಜೀಪಿನ ಕೆಳಗೆ ಹೋಗಿ ನಿಂತಿತು. ಮಾರ್ಷಲ್ ಬಗ್ಗಿ ನೋಡಿದರು. ಬೆರಳಿನಿಂದ ಸ್ವಲ್ಪ ತೆಗೆದು ರುಚಿ ನೋಡಿದರು.

“ಮರ್ಲ್, ರಸ್ತೆ ದಾಟುವಾಗ ಎಡಕ್ಕೆ ತಿರುಗೋ ದೀಪ ಹಾಕ್ಲಿಲ್ಲ ನಿನ್ನ ಗಾಡಿ.”

“ಅದಕ್ಕೆ ದೀಪ ಇಲ್ಲ ಸಾರ್.”

“ಸುಧಾರಿಸು,” ಅಂದರು ಮಾರ್ಷಲ್. ಅವರು ತಮಾಷೆಗೆ ಹೇಳಿದ್ದು. ಮರ್ಲ್ ತಲೆಯಾಡಿಸಿದ್ದು ನೋಡಿ ನನಗೆ ಭಯವಾಯಿತು.

ಯೂನಿಸ್ ತೋಳಿಗಂಟಿದ ಕೆನೆಯನ್ನು ಒರೆಸುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಮದುವೆ ಹಿಂದಿನ ದಿನ ಚರ್ಚಲ್ಲಿ ತಾಲೀಮು ಇದೆ. ಅವತ್ತು ಈ ಶನಿ ಒಂದು ಗೇಣು ಅಡ್ಡ ಹೋದ್ರೂ ಉಂಗುರ ನಮ್ಮಕ್ಕನ ಮೊಮ್ಮಗ ದಿಂಬಿನ ಮೇಲೆ ತರ್ತಾನೆ. ನಿಮ್ಮ ಟ್ರಕ್ಕು ಹೊರಗಡೆ ಪಾರ್ಕಿಂಗಲ್ಲಿ ಇರುತ್ತೆ. ತಿಳೀತಾ?”

ಮರ್ಲನಿಗೆ ತಿಳಿಯಿತು. ಆ ದಿಂಬು ಬಂತೆಂದರೆ ಮಗಳ ಮದುವೆಯಲ್ಲಿ ಅವನು ಬಾಡಿಗೆ ಕೋಟು ಹಾಕಿಕೊಂಡ ಅತಿಥಿ, ಅಷ್ಟೇ.

ಅಂದಿನಿಂದ ಕ್ರೆಬ್ಸ್ ಮನೆಯ ಅಡುಗೆಮನೆ ಮೇಜು ಮಣ್ಣುಮುಕ್ಕನ ಆಸ್ಪತ್ರೆಯಾಯಿತು. ಗ್ಯಾರೇಜಿನಲ್ಲಿ ಮಾಡಬಹುದಿತ್ತು, ಆದರೆ ಅಂಚೆಯವನು ಕರೆಗಂಟೆ ಒತ್ತಿದಾಗಲೆಲ್ಲ ಬಾಗಿಲು ತೆರೆದು ಗಾಳಿಗೆ ತಿರುಪುಗಳು ಹಾರುತ್ತಿದ್ದವು. ಮರ್ಲನ ಹೆಂಡತಿ ವನೀಟಾ ತಾಳ್ಮೆಯವಳು. ಇಲ್ಲದಿದ್ದರೆ ಅವನ ಜೊತೆ ಇಷ್ಟು ವರ್ಷ ಬಾಳುತ್ತಿದ್ದಳೇ? ಅವಳು ಒಲೆಯ ಪಕ್ಕ ನಿಂತು ತಟ್ಟೆ ಹಿಡಿದುಕೊಂಡು ಊಟ ಮಾಡುವುದನ್ನು ಕಲಿತಳು.

ನಾನು ಒಂದು ಸಂಜೆ ಹೋದಾಗ ನನಗೂ ತಟ್ಟೆ ಕೊಟ್ಟು ಗೋಡೆ ತೋರಿಸಿದಳು. “ಅಲ್ಲಿ ಒರಗಿಕೋ ಕ್ಲೀಟ್. ಒಲೆ ಹತ್ರ ಬೇಡ, ಅದು ನನ್ನ ಜಾಗ.”

ಮರ್ಲ್ ಓಪಲ್‌ಳ ಆಟಿಕೆ ಅಂಗಡಿಯಿಂದ ಹೊಸ ಸರ್ವೋ ತಂದಿದ್ದ. ಸರ್ವೋ ಅಂದರೆ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಪುಟ್ಟ ಮೋಟಾರು. ಹಳೆಯದಕ್ಕೆ ಪ್ಲಾಸ್ಟಿಕ್ ಹಲ್ಲು, ಇದಕ್ಕೆ ಲೋಹದ ಹಲ್ಲು.

“ಇದ್ರ ಬಲ ನೋಡು,” ಅಂತ ಟ್ರಕ್ಕಿನ ಮುಂದಿನ ಚಕ್ರವನ್ನು ಫ್ರಿಜ್ಜಿನ ಕೆಳಗೆ ಸಿಕ್ಕಿಸಿ ರಿಮೋಟ್ ತಿರುಗಿಸಿದ. ಚಕ್ರ ತಿರುಗಲಿಲ್ಲ. ಫ್ರಿಜ್ಜು ಅಲ್ಲಾಡಿತು. ಒಳಗೆ ಉಪ್ಪಿನಕಾಯಿ ಭರಣಿ ಬಿದ್ದ ಶಬ್ದವಾಯಿತು.

“ಭೇಷ್,” ಅಂದಳು ವನೀಟಾ, ತಟ್ಟೆಯಿಂದ ತಲೆಯೆತ್ತದೆ. “ಇನ್ನು ಫ್ರಿಜ್ಜನ್ನೇ ಚರ್ಚಿಗೆ ಓಡಿಸಬಹುದು.”

ಟ್ರಕ್ಕನ್ನು ಹಜಾರಕ್ಕೆ ತಂದು ನೆಲಕ್ಕಿಟ್ಟು ನಡೆಸಿದ. ಸೋಫಾ ತನಕ ಗೆರೆ ಎಳೆದ ಹಾಗೆ ಹೋಯಿತು. ಅಲ್ಲಿ ಮೈ ಮೇಲೆ ದೇವರು ಬಂದಂತೆ ನಡುಗಿ, ಎಡಕ್ಕೆ ನುಗ್ಗಿ, ಪರದೆ ಹತ್ತಿ, ಪರದೆ ಕೋಲಿನ ಸಮೇತ ಕೆಳಗೆ ಬಂತು.

“ಇನ್ನೂ ಸುಧಾರಿಸ್ಬೇಕು,” ಅಂದ ಮರ್ಲ್ ಪರದೆಯ ಒಳಗಿನಿಂದ.

ಇಲ್ಲಿ ನಾನು ಒಂದು ಗುಟ್ಟು ಬಿಚ್ಚಬೇಕು. ನನಗೂ ಇದು ಗೊತ್ತಾದದ್ದು ಆಮೇಲೆ. ಮರ್ಲನ ಮನೆಯ ಹಿತ್ತಲಿಗೆ ಅಂಟಿಕೊಂಡ ಓಣಿಯ ಆಚೆ ಬದಿಗೆ ವೆಂಡೆಲ್‌ನ ಗ್ಯಾರೇಜು. ಮದುವೆಯ ಪ್ರತಿ ಕೆಲಸಕ್ಕೂ ಬದಲಿ ವ್ಯವಸ್ಥೆ ಮಾಡಿದ ಆ ಮನುಷ್ಯನಿಗೆ ಒಂದೇ ಒಂದಕ್ಕೆ ಬದಲಿ ಇಲ್ಲದ್ದು ನಿದ್ದೆ ಕೆಡಿಸಿತ್ತು. ಮರ್ಲನ ಟ್ರಕ್ಕು ಕೈಕೊಟ್ಟರೆ? ಟ್ರೆಸಾಳಿಗೆ ದಿಂಬು ಬೇಡ, ಟ್ರಕ್ಕೇ ಬೇಕು. ಭಾವೀ ಸೊಸೆ ಮದುವೆ ದಿನ ಅಳಬಾರದು. ಹಾಗಾಗಿ ಅವನು ಯಾರಿಗೂ ತಿಳಿಯದಂತೆ ಓಪಲ್‌ಳ ಅಂಗಡಿಗೆ ಹೋಗಿ ಥೇಟ್ ಮಣ್ಣುಮುಕ್ಕನಂಥದ್ದೇ ಒಂದು ಟ್ರಕ್ಕು ತಂದಿದ್ದ. ರಿಮೋಟು ಯಾವ ಬಣ್ಣದ್ದು ಕೊಡಲಿ ಅಂತ ಓಪಲ್ ಕೇಳಿದಾಗ, “ಮರ್ಲನ ಹತ್ರ ಯಾವುದಿದೆಯೋ ಅದೇ ಕೊಡಮ್ಮ. ಬದಲಿ ಅಂದ್ಮೇಲೆ ಎಲ್ಲಾ ಅದೇ ಥರ ಇರ್ಬೇಕು,” ಅಂದಿದ್ದ.

ಕ್ಲಬ್ಬಿನ ಯಾವ ಮಗುವನ್ನು ಕೇಳಿದ್ದರೂ ಆ ತಪ್ಪನ್ನು ತಪ್ಪಿಸುತ್ತಿತ್ತು. ಆದರೆ ಆಟಿಕೆ ಓಡಿಸುವ ಗಂಡಸರನ್ನು ಕಂಡರೆ ಮೂಗು ಮುರಿಯುತ್ತಿದ್ದ ವೆಂಡೆಲ್ ಹೋಗಿ ಯಾರನ್ನು ಕೇಳಿಯಾನು? ಓಪಲ್‌ಳಿಗಂತೂ ಗುಟ್ಟು ಬಿಡಬಾರದೆಂದು ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದ್ದ.

ಹೀಗೆ ಊಟವಾದ ಮೇಲೆ ಇವನು ಇಲ್ಲಿ ರಿಮೋಟು ಹಿಡಿದರೆ, ಅದೇ ಹೊತ್ತಿಗೆ ಅವನು ಅಲ್ಲಿ ಹಿಡಿಯುತ್ತಿದ್ದ. ಶನಿವಾರ ಊರೆಲ್ಲ ಮೈದಾನದಲ್ಲಿದ್ದಾಗ ಮೈದಾನದ ಎದುರಿನ ತನ್ನ ಕಚೇರಿಯ ಪರದೆ ಎಳೆದುಕೊಂಡು ಅಭ್ಯಾಸ ಮಾಡುತ್ತಿದ್ದ. ಮಣ್ಣುಮುಕ್ಕ ಪೈ ಹೊತ್ತು ಓಡಿದ ಗಳಿಗೆಯಲ್ಲೇ ವೆಂಡೆಲ್‌ನ ಟ್ರಕ್ಕು ಅವನ ಕಚೇರಿಯ ನೀರಿನ ಡ್ರಮ್ಮನ್ನು ಉರುಳಿಸಿತಂತೆ. ಅವನಿಗೂ ತನ್ನ ಸ್ಟೀರಿಂಗಿನ ಮೇಲೆಯೇ ಅನುಮಾನ.

ಪಾಪ ಓಪಲ್. ಬೆಳಿಗ್ಗೆ ಮರ್ಲ್ ಬಂದು ಗಟ್ಟಿ ಸರ್ವೋ ಕೇಳುತ್ತಿದ್ದ, ಮಧ್ಯಾಹ್ನ ವೆಂಡೆಲ್ ಹಿಂಬಾಗಿಲಿಂದ ಬಂದು ಅದನ್ನೇ ಪಿಸುಗುಟ್ಟುತ್ತಿದ್ದ. ಇವನು ಸ್ಟೀರಿಂಗಿಗೆ ದಪ್ಪ ರಾಡು ಹಾಕಿದರೆ ಅವನೂ ದಪ್ಪ ರಾಡು. ಅವಳು ಆ ವರ್ಷ ತಯಾರಾದ ಟ್ರಕ್ಕುಗಳಿಗೇ ಏನೋ ರೋಗ ಬಂದಿದೆ ಎಂದುಕೊಂಡು ಇನ್ನಷ್ಟು ಸಾಮಾನು ತರಿಸಿಟ್ಟಳು.

ಒಂದು ದಿನ ವೆಂಡೆಲ್ ನನ್ನ ಕುರ್ಚಿಯಲ್ಲಿ ಕೂತು ಕನ್ನಡಿ ನೋಡುತ್ತ ಕೇಳಿದ:

“ಕ್ಲೀಟ್, ಸುಮ್ನೆ ಕೇಳ್ತಿದ್ದೀನಿ. ಒಂದು ಗಾಡಿ ಇದೆ ಅಂತಿಟ್ಕೋ. ನೆಟ್ಟಗೆ ಹೋಗ್ತಾ ಹೋಗ್ತಾ ಇದ್ದಕ್ಕಿದ್ದ ಹಾಗೆ ಎಡಕ್ಕೆ ನುಗ್ಗುತ್ತೆ. ಏನಿರಬಹುದು?”

“ಯಾರ ಗಾಡಿ?”

“ಯಾರದ್ದೋ. ಒಬ್ಬ ಗ್ರಾಹಕರದ್ದು.”

“ಹಾಗಾದ್ರೆ ಓಡಿಸೋದು ಬಿಡಿ ಅಂತ ಹೇಳಿ ಅವರಿಗೆ. ಪ್ರಾಣ ಹೋದೀತು. ಅಂಥವರಿಗೆ ನೀವು ವಿಮೆ ಬೇರೆ ಮಾಡ್ಸಿದ್ದೀರಾ?”

ವೆಂಡೆಲ್ ಕನ್ನಡಿಯಲ್ಲಿ ಬಿಳಿಚಿಕೊಂಡ. “ಅವರು ಸೋಫಾ ಹಿಂದೆ ನಿಂತು ಓಡಿಸ್ತಾರೆ,” ಅಂದ. ನಾನು ಕತ್ತರಿ ನಿಲ್ಲಿಸಿ ಅವನ ಮುಖ ನೋಡಿದೆ. ಮದುವೆ ಓಡಾಟದಲ್ಲಿ ಮನುಷ್ಯನಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದುಕೊಂಡು ಕುತ್ತಿಗೆಗೆ ಪೌಡರ್ ಜಾಸ್ತಿಯೇ ಹಚ್ಚಿ ಕಳಿಸಿದೆ.

ತಾಲೀಮಿನ ದಿನ ಬಂತು. ಯೂನಿಸ್ ಮುಂದಿನ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ದಿಂಬು ಸಿದ್ಧವಾಗಿತ್ತು. ವೆಂಡೆಲ್ ಅವಳ ಪಕ್ಕ ಕೈಕಟ್ಟಿ ಕೂತಿದ್ದ. ಅವನ ರಿಮೋಟು ಗ್ಯಾರೇಜಿನ ಬಣ್ಣದ ಡಬ್ಬಿಗಳ ಹಿಂದಿತ್ತು. ಮರ್ಲ್ ರಿಮೋಟು ತಿರುಗಿಸಿದ. ಮಣ್ಣುಮುಕ್ಕ ಬಾಗಿಲಿನಿಂದ ಹೊರಟು ಕೆಂಪು ಹಾಸಿನ ಮಧ್ಯೆ ದಾರ ಹಿಡಿದಂತೆ ಬಂದು ಪಾದ್ರಿ ಹಬರ್ಟರ ಬೂಟಿನ ಮುಂದೆ ನಿಂತಿತು. ಇನ್ನೊಂದು ಸಲ ಮಾಡಿ ಅಂದಳು ಯೂನಿಸ್. ಇನ್ನೊಂದು ಸಲವೂ ಹಾಗೇ ಬಂತು.

ಮರ್ಲ್ ಹಣೆ ಒರೆಸಿಕೊಂಡ. “ನಿನ್ನೆ ಸ್ಟೀರಿಂಗ್ ರಾಡು ಬದಲಾಯಿಸಿದ್ದು, ಬೀಗಿತ್ತಿ. ಅದ್ರಲ್ಲೇ ಇದ್ದದ್ದು ದೋಷ.”

ಯೂನಿಸ್ ದಿಂಬನ್ನು ಚೀಲಕ್ಕೆ ಹಾಕಿದಳು, ಚೀಲದ ಬಾಯಿ ಮಾತ್ರ ಮುಚ್ಚಲಿಲ್ಲ.

ಮದುವೆ ದಿನ ಚರ್ಚು ತುಂಬಿತ್ತು. ಅರ್ಧಕ್ಕರ್ಧ ನಮ್ಮ ಕ್ಲಬ್ಬಿನವರೇ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗುರುತು ಸಿಗದಂತಿದ್ದರು. ಮರ್ಲ್ ಮಗಳ ಕೈಹಿಡಿದು ಕರೆತಂದು ಬ್ರೆಟ್‌ಗೆ ಒಪ್ಪಿಸಿ, ಬಾಗಿಲ ಬಳಿಗೆ ವಾಪಸು ಓಡಿದ. ನಾನು ಅಲ್ಲಿ ಕಾದಿದ್ದೆ. ಚರ್ಚೇ ಆಗಲಿ, ನಿಯಮ ನಿಯಮವೇ. ಕೋಟಿನ ಜೇಬಿನಿಂದ ಹಳದಿ ಕ್ಲಿಪ್ಪು ತೆಗೆದು ಅವನ ರಿಮೋಟಿನ ಕಡ್ಡಿಗೆ ಸಿಕ್ಕಿಸಿದೆ. ವನೀಟಾ ಉಂಗುರಗಳನ್ನು ಮೀನು ಹಿಡಿಯುವ ದಾರದಲ್ಲಿ ಮಣ್ಣುಮುಕ್ಕನ ಬೆನ್ನಿಗೆ ಕಟ್ಟಿದ್ದಳು. ಬಿಳಿ ರಿಬ್ಬನ್ನು ಬೇರೆ. ಗಂಡನ ಸುಧಾರಣೆಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ, ತನ್ನ ಗಂಟಿನ ಮೇಲಿತ್ತು.

“ಉಂಗುರಗಳು ಬರಲಿ,” ಅಂದರು ಪಾದ್ರಿ ಹಬರ್ಟ್. ಅಂದವರು ಪಂಚೆಯನ್ನು ಎತ್ತಿಕೊಳ್ಳುವ ಹಾಗೆ ನಿಲುವಂಗಿಯನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡರು.

ಮಣ್ಣುಮುಕ್ಕ ಹೊರಟಿತು. ಜನ ಆಹಾ ಅಂದರು. ಕೊನೆಯ ಬೆಂಚು ದಾಟಿತು, ನಡುವಿನ ಬೆಂಚು ದಾಟಿತು.

ಮುಂದಿನ ಬೆಂಚಿನಲ್ಲಿ ವೆಂಡೆಲ್‌ನ ಹಣೆ ಬೆವರಿತ್ತು. ಅವನ ಟ್ರಕ್ಕು ಯೂನಿಸ್‌ಳ ಕಾಲ ಬಳಿ, ಬೆಂಚಿನ ಕೆಳಗೆ, ಅವಳದ್ದೇ ಕೋಟಿನ ಅಡಿಯಲ್ಲಿ ಅಡಗಿತ್ತು. ರಿಮೋಟು ಅವನ ಸೂಟಿನೊಳಗೆ. ಬೇಕಾಗುವುದಿಲ್ಲ, ಆದರೆ ಬೇಕಾದರೆ? ಚಾಲೂ ಮಾಡಿ ಇಟ್ಟುಕೊಳ್ಳೋಣ, ಬರೀ ಚಾಲೂ, ಅಂದುಕೊಂಡು ಬೂಟಿನ ತುದಿಯಲ್ಲಿ ಟ್ರಕ್ಕಿನ ಗುಂಡಿ ಒತ್ತಿ, ಸೂಟಿನೊಳಗೆ ರಿಮೋಟಿನದ್ದೂ ಒತ್ತಿದ.

ಮಣ್ಣುಮುಕ್ಕ ಒಂದು ಸಲ ನಡುಗಿತು. ಆಮೇಲೆ ಎಡಕ್ಕೆ ಹಾರಿತು.

ಎಡಕ್ಕೆ ಇದ್ದದ್ದು ಆರ್ಗನ್ನು, ಚರ್ಚಿನ ದೊಡ್ಡ ವಾದ್ಯ. ಅದರ ಕಾಲಲ್ಲಿ ಒತ್ತಿ ನುಡಿಸುವ ಮಣೆಗಳ ಮೇಲೆ ಮಣ್ಣುಮುಕ್ಕ ಹತ್ತಿ ಕೂತಿತು, ಲೋಹದ ಹಲ್ಲಿನ ಸರ್ವೋ ಬಲ ತೋರಿಸಿತು, ಆರ್ಗನ್ನು ಹೊಟ್ಟೆನೋವು ಬಂದ ಎಮ್ಮೆಯ ದನಿಯಲ್ಲಿ ಕೂಗತೊಡಗಿತು. ಆರ್ಗನ್ ನುಡಿಸುವ ಹೆಂಗಸು ಕಾಲೆರಡನ್ನೂ ಮೇಲೆತ್ತಿ ಕೂತಳು. ಅದೇ ಗಳಿಗೆಗೆ ಯೂನಿಸ್‌ಳ ಬೆಂಚಿನ ಕೆಳಗಿನಿಂದ ಒಂದು ಕೋಟು ಎದ್ದು ಓಡಿತು.

“ನನ್ನ ಕೋಟು!” ಅಂತ ಚೀರಿದಳು ಯೂನಿಸ್. “ನನ್ನ ಕೋಟು ಓಡ್ತಾ ಇದೆ!”

ಕೋಟು ಪಾದ್ರಿಗಳ ಕಡೆ ನುಗ್ಗಿತು. ಪಾದ್ರಿಗಳು ಕುರ್ಚಿ ಹತ್ತಿದರು. ಕೋಟು ಕುರ್ಚಿಗೆ ಒಂದು ಸುತ್ತು ಹಾಕಿ ಜಾರಿ ಬಿತ್ತು, ಒಳಗಿನಿಂದ ಇನ್ನೊಂದು ಮಣ್ಣುಮುಕ್ಕ ಹೊರಬಂತು. ಅದನ್ನು ಕಂಡು ನಮ್ಮ ಮಾರ್ಷಲ್ ಎದ್ದು ನಿಂತು, “ಮರಿ ಹಾಕಿದೆ ಕಣ್ರೋ!” ಅಂದರು.

“ಮರ್ಲ್! ನಿಲ್ಸು!” ಅಂತ ವನೀಟಾ ಕೂಗಿದಳು.

“ನಾನು ಕೈ ಬಿಟ್ಟಾಗಿದೆ ಮಾರಾಯ್ತಿ! ಸ್ಟೀರಿಂಗ್... ಸ್ಟೀರಿಂಗೇ ಸರಿ ಇಲ್ಲ...”

ಅವನ ದನಿ ಒಡೆದಿತ್ತು. ಬಾಡಿಗೆ ಕೋಟಿನಲ್ಲಿ, ಅಷ್ಟು ಜನರ ಮುಂದೆ, ಮಗಳ ಮದುವೆ ಕೆಡಿಸಿದೆನಲ್ಲ ಅಂತ ಕಣ್ಣು ತುಂಬಿಕೊಂಡು ನಿಂತಿದ್ದ. ಯೂನಿಸ್ ಆಗಲೇ ಚೀಲಕ್ಕೆ ಕೈಹಾಕಿ ದಿಂಬು ಎಳೆಯುತ್ತಿದ್ದಳು.

ಆಗ ಟ್ರೆಸಾ ಹೂಗುಚ್ಛವನ್ನು ಬ್ರೆಟ್‌ನ ಎದೆಗೆ ತುರುಕಿ, ಮುಖದ ಮೇಲಿನ ಜಾಲರಿ ಹಿಂದಕ್ಕೆ ಎಸೆದು, ಎರಡು ಹೆಜ್ಜೆ ಮುಂದೆ ಬಂದಳು. ಸೊಂಟಕ್ಕೆ ಕೈಯಿಟ್ಟಳು. ಹಲ್ಲು ಬಿದ್ದ ಕಾಲದ ಅದೇ ಗಂಟಲು.

“ಹಳದಿ ಯಾರು?”

ಆರ್ಗನ್ನಿನ ಕೂಗೂ ಅದರಡಿಗೆ ಅಡಗಿತು. ಕ್ಲಬ್ಬಿನವರೆಲ್ಲ ಯೋಚನೆಯೇ ಇಲ್ಲದೆ ಎರಡೂ ಕೈ ಮೇಲೆತ್ತಿದರು. ಎತ್ತಿ ರೂಢಿ. ಅದನ್ನು ನೋಡಿ ಹೊರಗಿನಿಂದ ಬಂದ ನೆಂಟರು ಏನೋ ಪ್ರಾರ್ಥನೆ ಇರಬೇಕೆಂದು ತಾವೂ ಎತ್ತಿದರು. ಕುರ್ಚಿಯ ಮೇಲಿದ್ದ ಪಾದ್ರಿಗಳೂ ಎತ್ತಿದರು. ಮರ್ಲ್ ತನ್ನ ರಿಮೋಟನ್ನೇ ಎತ್ತಿ ಹಿಡಿದ.

“ಕ್ಲಿಪ್ಪು ನನ್ನ ಹತ್ರ ಇದೆ ಮಗಳೇ! ನೋಡು, ಇಲ್ಲೇ ಇದೆ!”

“ಹಾಗಾದ್ರೆ ಕ್ಲಿಪ್ಪಿಲ್ದೆ ಹಳದಿ ಹಾಕಿರೋದು ಯಾರು?”

ಇಡೀ ಚರ್ಚಿನಲ್ಲಿ ಕೈ ಮೇಲಿಲ್ಲದವನು ಒಬ್ಬನೇ. ಸೂಟಿನ ಕಾಲರಿನ ಪಕ್ಕ, ಕಿವಿಯ ಹಿಂದೆ, ಒಂದು ಬೆಳ್ಳಿ ಕಡ್ಡಿ ಇಣುಕುತ್ತಿತ್ತು. ಅದರ ತುದಿಯಲ್ಲಿ ಹಳದಿ ಬಟ್ಟೆಯ ಚೂರು.

ವೆಂಡೆಲ್ ಓಬರ್‌ಮೇಯರ್ ನಿಧಾನವಾಗಿ ಎದ್ದ. ಸೂಟಿನೊಳಗಿಂದ ರಿಮೋಟು ತೆಗೆದ. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಅದನ್ನು ತಲೆಯ ಮೇಲೆತ್ತಿದ.

“ವೆಂಡೆಲ್,” ಅಂದಳು ಯೂನಿಸ್. “ಅದೇನದು?”

ವೆಂಡೆಲ್, “ವಿಮೆ,” ಅಂದ.

ಆಮೇಲೆ ಎದ್ದ ನಗುವನ್ನು ಏನು ಹೇಳಲಿ! ಮಾರ್ಷಲ್ ಬೆಂಚಿನ ಮೇಲೆ ಮಲಗಿಬಿಟ್ಟರು. ಓಪಲ್ ಮೂಲೆಯಲ್ಲಿ ಮುಖ ಮುಚ್ಚಿಕೊಂಡು, “ಬೈಬಲ್ ಮುಟ್ಟಿಸಿದ್ರು ಕಣ್ರೀ, ಬೈಬಲ್ ಮುಟ್ಟಿಸಿದ್ರು,” ಅನ್ನುತ್ತಿದ್ದಳು. ವೆಂಡೆಲ್‌ನನ್ನು ನೋಡಿ ಅಲ್ಲಿಯ ತನಕ ಯಾರೂ ನಕ್ಕಿರಲಿಲ್ಲ. ಅವನ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು, ಕೈ ಮಾತ್ರ ಇಳಿಸಲಿಲ್ಲ. ಇಳಿಸಬಹುದೋ ಬಾರದೋ ಅವನಿಗೆ ಗೊತ್ತಿರಲಿಲ್ಲ.

ಮರ್ಲ್ ನನ್ನ ಕಡೆ ತಿರುಗಿದ. “ಕ್ಲೀಟ್, ಅಂದ್ರೆ ನನ್ನ ಸ್ಟೀರಿಂಗು...”

“ಚೆನ್ನಾಗಿತ್ತು.”

“ಮೊದಲಿಂದ್ಲೂ?”

“ಮೊದಲಿಂದ್ಲೂ ಕಣೋ.”

ಅವನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇರಲಿಲ್ಲ. ಸುಧಾರಿಸಲು ಏನೂ ಇಲ್ಲದ ವಸ್ತುವನ್ನು ಅವನು ಇಡೀ ವಸಂತಕಾಲ ಸುಧಾರಿಸಿದ್ದ. ವನೀಟಾ ಎದ್ದು, “ಏನಂದ್ರಿ? ನಾನು ಇಷ್ಟು ದಿನ ನಿಂತ್ಕೊಂಡು ಉಂಡಿದ್ದು ಯಾತಕ್ಕೆ?” ಅಂತ ಕೇಳಿದಳು. 

ಮರ್ಲ್ ರಿಮೋಟು ನೋಡಿದ. ಆಮೇಲೆ ಕೈಯೆತ್ತಿ ನಿಂತಿದ್ದ ಬೀಗರನ್ನು ನೋಡಿದ. ನಗುವ ಜನರ ನಡುವೆ ಒಬ್ಬನೇ ನಿಲ್ಲುವುದು ಹೇಗಿರುತ್ತದೆಂದು ನಮ್ಮೂರಲ್ಲಿ ಅವನಷ್ಟು ಬಲ್ಲವರಿಲ್ಲ. ಹಾಸಿನ ಮೇಲೆ ನಡೆದು ಹೋದ. ತನ್ನ ಕಡ್ಡಿಯಿಂದ ಹಳದಿ ಕ್ಲಿಪ್ಪು ತೆಗೆದು ವೆಂಡೆಲ್‌ನ ಕಡ್ಡಿಗೆ ಸಿಕ್ಕಿಸಿದ. ತನ್ನದನ್ನು ಆರಿಸಿದ.

“ಈಗ ಕ್ಲಿಪ್ಪು ನಿಮ್ಮದು ಬೀಗರೇ. ನೀವೇ ತನ್ನಿ.”

ನಗು ನಿಂತಿತು. ಆ ಒಂದು ಓಟ ಬಿಟ್ಟರೆ ಆ ಮದುವೆಯಲ್ಲಿ ಮರ್ಲನದ್ದೆಂದು ಏನೂ ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

“ನಾನಾ?” ಅಂದ ವೆಂಡೆಲ್. “ಉಂಗುರ ನಿಮ್ಮ ಟ್ರಕ್ಕಿನ ಮೇಲಿದೆಯಲ್ರೀ.”

“ಇರ್ಲಿ. ನಿಮ್ಮದೂ ಹಳದಿ, ನಂದೂ ಹಳದಿ. ನೀವು ಹೇಳಿದ್ರೆ ನಂದೂ ಕೇಳುತ್ತೆ.”

ನಾನು ಆರ್ಗನ್ನಿನಡಿಯಿಂದ ಒಂದನ್ನು ಎತ್ತಿಕೊಂಡೆ, ಬ್ರೆಟ್ ಇನ್ನೊಂದನ್ನು ಎತ್ತಿಕೊಂಡ. ಎರಡನ್ನೂ ಬಾಗಿಲ ಬಳಿ ಅಕ್ಕಪಕ್ಕ ಇಟ್ಟೆವು. ಮರ್ಲ್ ಮುಂದೆ ಹೋಗಿ ಮಗಳ ಪಕ್ಕ ಬರಿಗೈಯಲ್ಲಿ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ, ಟ್ರೆಸಾ ಅದನ್ನು ಹಿಡಿದುಕೊಂಡಳು. ವೆಂಡೆಲ್ ರಿಮೋಟನ್ನು ಒತ್ತಿದ. ಎರಡು ಮಣ್ಣುಮುಕ್ಕರೂ ಒಟ್ಟಿಗೆ ಹೊರಟವು. ಒಬ್ಬರನ್ನೊಬ್ಬರು ಬಿಟ್ಟುಕೊಡದ ಹಳೇ ಬೀಗರ ಹಾಗೆ, ಚಕ್ರಕ್ಕೆ ಚಕ್ರ ಸಮವಾಗಿ, ಎಡಕ್ಕೂ ವಾಲದೆ ಬಲಕ್ಕೂ ವಾಲದೆ ಬಂದು ಪಾದ್ರಿಗಳ ಕುರ್ಚಿಯ ಮುಂದೆ ನಿಂತವು.

ಪಾದ್ರಿಗಳು ಇಳಿದು ಬಂದು ಬಗ್ಗಿ ನೋಡಿದರು. ಮರ್ಲನ ಟ್ರಕ್ಕಿನಲ್ಲಿ ಎರಡು ಉಂಗುರ. ವೆಂಡೆಲ್‌ನ ಟ್ರಕ್ಕಿನಲ್ಲಿ ಬೆಂಕಿಪೊಟ್ಟಣದೊಳಗೆ ಇನ್ನೆರಡು, ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆಯವು.

“ಇವು?” ಅಂದರು.

“ಅವು ಕಳೆದ್ರೆ,” ಅಂದ ವೆಂಡೆಲ್.

ಮದುವೆಯಾಯಿತು. ಊಟದ ಡೇರೆಯಲ್ಲಿ, ಅಂದರೆ ಮೊದಲನೆಯ ಡೇರೆಯಲ್ಲಿ, ಬೀಗರಿಬ್ಬರೂ ಒಂದೇ ಮೇಜಿಗೆ ಕೂತಿದ್ದರು. ವೆಂಡೆಲ್ ತಟ್ಟೆಯಲ್ಲಿನ ನೂಡಲ್ಸನ್ನು ಚಮಚದಲ್ಲಿ ಅತ್ತಿತ್ತ ತಳ್ಳುತ್ತ ದನಿ ತಗ್ಗಿಸಿ ಹೇಳಿದ:

“ಬೀಗರೇ, ನೆಟ್ಟಗೇನೋ ಬಂತು. ಆದ್ರೆ ಹೊರಡೋವಾಗ ಇನ್ನೊಂಚೂರು ಚುರುಕಾಗಬಹುದಿತ್ತು ಅನ್ಸಲ್ವಾ?”

ಮರ್ಲನ ಮುಖ ಸೂರ್ಯ ಹುಟ್ಟಿದಂತಾಯಿತು. “ಅದಕ್ಕೆ ನನ್ನ ಹತ್ರ ಒಂದು ಉಪಾಯ ಇದೆ.”

“ನನ್ನ ಮನೇಲಿ ಬೇಡ!” ಅಂದಳು ವನೀಟಾ, ಕೇಕು ಬಾಯಲ್ಲಿರುವಾಗಲೇ.

ಮರುವಾರ ಅವಳು ನನ್ನನ್ನು ಊಟಕ್ಕೆ ಕರೆದಿದ್ದಳು. ಒರೆಸಿದ ಮೇಜಿನ ಮುಂದೆ, ಕುರ್ಚಿಯ ಮೇಲೆ, ರಾಣಿಯಂತೆ ಕೂತು ಬಡಿಸಿಕೊಂಡಳು. ಮರ್ಲ್ ಮನೆಯಲ್ಲಿರಲಿಲ್ಲ. ಕಿಟಕಿಯಾಚೆ, ಓಣಿಯ ಆ ಬದಿಗೆ, ಬೀಗರ ಊಟದ ಮನೆಯ ದೀಪ ಉರಿಯುತ್ತಿತ್ತು. ಅಜ್ಜಿಯ ಕಾಲದ ವಾಲ್ನಟ್ ಮೇಜಿನ ಮೇಲೆ ಎರಡು ಟ್ರಕ್ಕುಗಳು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು, ಎರಡು ತಲೆಗಳು ಅವುಗಳ ಮೇಲೆ ಬಗ್ಗಿದ್ದವು.

ಗೋಡೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು, ಯೂನಿಸ್ ನಿಂತುಕೊಂಡು ಉಣ್ಣುತ್ತಿದ್ದಳು. ವನೀಟಾ ಅವಳಿಗೆ ಕೈ ಬೀಸಿದಳು.